ಪುಟ ಅರವತ್ತೆರಡರ ರಾಗಿ ಹುಲ್ಲು

ಅಕ್ಟೋಬರ್ ೯, ೨೦೨೫. ಗುರುವಾರ

ಫಸ್ಟ್ ಬಿಎಸ್ಸಿ ಪ್ರಾಕ್ಟಿಕಲ್. ಇಪ್ಪತ್ತೆರಡು ಮಕ್ಕಳು, ಏಳು ಮೈಕ್ರೋಸ್ಕೋಪು, ಅದರಲ್ಲಿ ಎರಡರ ಕನ್ನಡಿ ಒಡೆದಿದೆ. ಎರಡು ಬ್ಯಾಚ್ ಮಾಡಿ ಮುಗಿಸಿದೆ. ಸ್ಲೈಡ್ ತೊಳೆದು, ಒರೆಸಿ, ಡಬ್ಬಿಗೆ ಹಾಕುವಷ್ಟರಲ್ಲಿ ನಾಲ್ಕೂವರೆ. ಹಾಸನಾಂಬೆ ದರ್ಶನ ಶುರು ಅಂತ ಅರ್ಧ ಸ್ಟಾಫ್ ನಾಪತ್ತೆ.

ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು. ಉದಯಕುಮಾರ್ ಸರ್ ಪುಸ್ತಕ ಬಂದಿದೆಯಂತೆ. ನಮ್ಮ ಜೂವಾಲಜಿ ಹೆಚ್ಓಡಿ ಪುಸ್ತಕ ಬರೆದರೆಂದರೆ ಆಶ್ಚರ್ಯವೇ — ಇಪ್ಪತ್ತು ವರ್ಷದಲ್ಲಿ ರಜೆ ಚೀಟಿ ಬಿಟ್ಟು ಬೇರೇನೂ ಬರೆದದ್ದು ನಾ ಕಾಣೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ತಿರುವಿದೆ. ‘ಜೀವಪದ ಜಾತಕ’. ಜೀವಶಾಸ್ತ್ರದ ಹಳೆಯ ಪದಗಳು, ಹುಟ್ಟಿದ ಬಗೆ, ಅರ್ಥ.

ಪುಟ ೬೨. ಓದಿದೆ. ಇನ್ನೊಂದು ಸಲ ಓದಿದೆ. ಹಾಗೇ ಇಲ್ಲಿ ಇಳಿಸಿಕೊಳ್ಳುತ್ತೇನೆ —

“ಕೆರೆ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಬದುಕುವ ಜೀವಿಗಳಿಗೆ ಹಿಂದೆ ಇನ್‌ಫ್ಯೂಸೋರಿಯಾ ಎಂಬ ಹೆಸರಿತ್ತು. ನೀರು ಹೊಯ್ದು ನೆನೆಹಾಕುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇನ್ನೂರೈವತ್ತು ವರ್ಷದ ಹಿಂದೆ ಜರ್ಮನಿಯ ವಿದ್ವಾಂಸರು ರಾಗಿ ಹುಲ್ಲನ್ನು ನೆನೆಹಾಕಿ ನಾಲ್ಕಾರು ದಿನ ಬಿಟ್ಟು ನೋಡಿದರೆ, ಹುಲ್ಲೇ ಹುಳವಾದಂತೆ ನೀರೆಲ್ಲ ಓಡಾಟ. ನೆನೆಸಿದ ನೀರಿನಲ್ಲಿ ಕಂಡದ್ದಕ್ಕೆ ಆ ಹೆಸರು.”

ರಾಗಿ ಹುಲ್ಲಂತೆ! ಜರ್ಮನಿಯಲ್ಲಿ!

ಇದು ನನ್ನ ವಾಕ್ಯ. ನನ್ನ ತಪ್ಪಿನ ಸಮೇತ ನನ್ನ ವಾಕ್ಯ.

ಅಕ್ಟೋಬರ್ ೧೦, ಶುಕ್ರವಾರ

ಪುಸ್ತಕ ಕೊಂಡುತಂದೆ. ಕಳ್ಳಮಾಲು ಕೊಂಡದ್ದಕ್ಕೆ ರಸೀದಿ ಬೇರೆ.

ಪುಟ ೧೪: “ಅನಿಮಲ್‌ಕ್ಯೂಲ್ — ಪುಟಾಣಿ ಪ್ರಾಣಿ. ಹಾಲೆಂಡಿನ ಬಟ್ಟೆ ವ್ಯಾಪಾರಿಯೊಬ್ಬ ಮೆಣಸು ಯಾಕೆ ಖಾರ ಎಂದು ತಿಳಿಯಲು ಕಾಳುಮೆಣಸು ನೆನೆಹಾಕಿದ. ಖಾರದ ಗುಟ್ಟು ಸಿಗಲಿಲ್ಲ, ನೀರಿನ ತುಂಬ ಜೀವ ಸಿಕ್ಕಿತು.” ನಂದು. ಪುಟ ೩೦, ನಂದು. ಪುಟ ೪೭, ನಂದು. ನೂರಾ ಹತ್ತು ಪದಗಳು, ಅಲ್ಪವಿರಾಮ ಕೂಡ ಕದಲಿಸಿಲ್ಲ.

ಆರು ವರ್ಷ ಕೂತು ಬರೆದದ್ದು. ಕೆಂಪು ಬಟ್ಟೆ ಬೈಂಡಿನ ಉದ್ದ ನೋಟ್‌ಬುಕ್. ಮಕ್ಕಳಿಗೆ ಈ ಲ್ಯಾಟಿನ್ ಗ್ರೀಕ್ ಹೆಸರುಗಳು ಕಬ್ಬಿಣದ ಕಡಲೆ. ಅದರ ಕಥೆ ಕನ್ನಡದಲ್ಲಿ ಹೇಳಿದರೆ ಮರೆಯುವುದಿಲ್ಲ ಅಂತ ಶುರು ಮಾಡಿದ್ದೆ. ೨೦೧೪ರ ಬೇಸಿಗೆಯಲ್ಲಿ ಈ ಉದಯಕುಮಾರನೇ ಕೇಳಿದ. “ಕೊಡಿ ಮೇಡಂ, ಡಿಟಿಪಿ ಮಾಡಿಸ್ತೀನಿ, ನಮ್ಮ ಕಾಲೇಜಿಂದಾನೇ ತರೋಣ.” ಕೊಟ್ಟೆ. ವರ್ಷ ಕಳೆದ ಮೇಲೆ ಕೇಳಿದರೆ, “ಮನೆ ಶಿಫ್ಟ್ ಮಾಡುವಾಗ ಎಲ್ಲೋ ಹೋಯ್ತು ಮೇಡಂ, ಸಾರಿ.” ಎರಡು ದಿನ ಅತ್ತೆ. ಜೆರಾಕ್ಸ್ ಇಟ್ಟುಕೊಂಡಿರಲಿಲ್ಲ. ದಡ್ಡಿ.

ರಾಗಿ ಹುಲ್ಲಿನ ವಿಷಯ. ಅಲ್ಲಿಯವರು ನೆನೆಹಾಕಿದ್ದು ಅವರ ಹುಲ್ಲುಗಾವಲಿನ ಯಾವುದೋ ಒಣಹುಲ್ಲು. ನಮ್ಮ ಲ್ಯಾಬಿನಲ್ಲಿ ಮೊದಲಿನಿಂದಲೂ ರಾಗಿ ಹುಲ್ಲು. ನಮಗೆ ಹುಲ್ಲೆಂದರೆ ಅದೇ ತಾನೆ! ಯೋಚಿಸದೆ ಹಾಗೇ ಬರೆದೆ. ನೋಟ್‌ಬುಕ್ ಹೋದ ಮೂರು ವರ್ಷದ ಮೇಲೆ ಎಲ್ಲೋ ಓದಿ ಗೊತ್ತಾಯಿತು, ಜರ್ಮನಿಯಲ್ಲಿ ರಾಗಿ ಬೆಳೆಯುವುದಿಲ್ಲ ಅಂತ. ನಾಚಿಕೆಯಾಗಿತ್ತು. ಇವತ್ತು ಆ ತಪ್ಪಿಗೆ ಕೈಮುಗಿಯಬೇಕು. ಲ್ಯಾಬಿನಲ್ಲಿ ಕೈಯಾರೆ ಹುಲ್ಲು ನೆನೆಹಾಕಿದವರು ಮಾತ್ರ ಮಾಡಬಲ್ಲ ತಪ್ಪು ಅದು. ಅವನು ಜನ್ಮದಲ್ಲಿ ಹುಲ್ಲು ಮುಟ್ಟಿದವನಲ್ಲ.

ಕೊನೆಯ ಪುಟ: “ಸಹಕರಿಸಿದ ಪ್ರಯೋಗಾಲಯದ ಸಿಬ್ಬಂದಿಗೆ ವಂದನೆ.”

ಸಿಬ್ಬಂದಿ! ಅದು ನಾನು. ಹೆಸರು ಕೂಡ ಬೇಡ, ಸಿಬ್ಬಂದಿ. ಇಡೀ ಪುಸ್ತಕದಲ್ಲಿ ಅವನು ಸ್ವಂತ ಬರೆದಿರುವುದು ಇದೊಂದೇ ಸಾಲು. ಇದನ್ನು ಮಾತ್ರ ಕ್ಷಮಿಸಲಾರೆ.

ಅಕ್ಟೋಬರ್ ೧೪, ಮಂಗಳವಾರ

ಕೇಳಿಯೇಬಿಟ್ಟೆ. ಅವನ ಚೇಂಬರಿಗೆ ಹೋಗಿ, ನಿಂತುಕೊಂಡೇ.

“ಸರ್, ನನ್ನ ಕೆಂಪು ನೋಟ್‌ಬುಕ್ ಸಿಕ್ತಾ?”

“ಯಾವ ನೋಟ್‌ಬುಕ್ ಮೇಡಂ?”

ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಆಮೇಲೆ ನಕ್ಕ. “ನಿಮ್ಮ ಸಹಾಯ ಮರೆತಿಲ್ಲ ರೀ. ಥ್ಯಾಂಕ್ಸ್ ಹೇಳಿದೀನಲ್ಲ ಕೊನೇಲಿ. ನೋಡಿಲ್ವಾ?”

ನೋಡಿದೆ ಸರ್.

ಹಬ್ಬದ ಕೆಲಸ ಬೇರೆ ತಲೆ ಮೇಲಿದೆ. 

ಅಕ್ಟೋಬರ್ ೨೭, ಸೋಮವಾರ

ಹಬ್ಬ ಮುಗಿಯಿತು. ಎಣ್ಣೆಸ್ನಾನ, ಹೋಳಿಗೆ, ಅತ್ತಿಗೆ ಮನೆ, ಎಲ್ಲ ಆಯಿತು. ಒಳಗೆ ಮಾತ್ರ ಅದೇ — ಯಾವ ನೋಟ್‌ಬುಕ್ ಮೇಡಂ.

ಇವತ್ತು ದೇವರು ಕಣ್ಣುಬಿಟ್ಟ. ನವೆಂಬರ್ ೧೬ರ ಭಾನುವಾರ ಬೇಲೂರಿನಲ್ಲಿ ಸಮಾರಂಭ. ಪುಸ್ತಕಕ್ಕೆ ಬಹುಮಾನ, ಲೇಖಕರಿಗೆ ಸನ್ಮಾನ. ಪುಸ್ತಕ ಅಚ್ಚು ಹಾಕಿಸಿದ ಸಂಘದ ಚನ್ನಬಸವಯ್ಯನವರೇ ನಡೆಸುವುದು, ರಿಟೈರ್ಡ್ ಹೆಡ್‌ಮಾಸ್ಟರು. ಹಗರೆ, ಹಳೇಬೀಡು ಕಡೆಯ ಸ್ಕೂಲು ಮಕ್ಕಳು ಬರುತ್ತಾರೆ. ಬರೀ ಭಾಷಣ ಬೇಡ, ಆ ಹುಳಗಳನ್ನು ದೊಡ್ಡ ಪರದೆ ಮೇಲೆ ತೋರಿಸಿ ಎಂದಿದ್ದಾರಂತೆ.

ಉದಯಕುಮಾರ್ ಲ್ಯಾಬಿಗೆ ಬಂದ. ಬಾಗಿಲಲ್ಲೇ ನಿಂತು, “ಮೇಡಂ, ಆ ನಿಮ್ಮ ಹುಲ್ಲಿನ ನೀರು ಒಂದು ಬಾಟ್ಲಿ ಮಾಡಿಕೊಡ್ತೀರಾ? ನಮಗೆಲ್ಲಿ ಟೈಮು.”

“ಆಗ್ಲಿ ಸರ್.”

“ನೀವೂ ಬನ್ನಿ. ಸ್ಟೇಜಿಗೇನೂ ಬೇಡ, ಕೆಳಗೆ ಇದ್ರೆ ಧೈರ್ಯ.”

“ಬರ್ತೀನಿ ಸರ್.”

ಬರ್ತೀನಿ. ಬರದೆ ಇರ್ತೀನಾ?

ಅಕ್ಟೋಬರ್ ೨೮, ಮಂಗಳವಾರ. ಬೆಳಿಗ್ಗೆ ೬

ಎಚ್ಚರವಾಗುವಷ್ಟರಲ್ಲಿ ಉಪಾಯ ತಲೆಯಲ್ಲಿ ಸಿದ್ಧವಾಗಿತ್ತು.

ಎರಡು ಬಾಟಲಿ. ಒಂದೇ ಥರದ ಉಪ್ಪಿನಕಾಯಿ ಬಾಟಲಿ, ಒಂದೇ ಹುಲ್ಲು, ಒಂದೇ ಟೀ ಬಣ್ಣದ ನೀರು. ಕೆಂಪು ಮುಚ್ಚಳದ್ದು ಕುಕ್ಕರಿನಲ್ಲಿ ಬೆಂದು, ಬಿಗಿಯಾಗಿ ಮುಚ್ಚಿದ್ದು — ಒಳಗೆ ಒಂದು ಜೀವ ಇರುವುದಿಲ್ಲ. ಅದು ಅವನಿಗೆ. ಹಳದಿ ಮುಚ್ಚಳದ್ದಕ್ಕೆ ಕೆರೆ ನೀರು ಬೆರೆಸಿ, ತೆರೆದಿಟ್ಟು ಬೆಳೆಸಿದ್ದು. ಅದು ನನ್ನ ಬ್ಯಾಗಿಗೆ.

ಅವನು ಪರದೆ ಮುಂದೆ ನಿಂತು “ನೋಡಿ ಮಕ್ಕಳೇ” ಅನ್ನಬೇಕು. ಪರದೆ ಖಾಲಿ ಇರಬೇಕು. ಫೋಕಸ್ ತಿರುಗಿಸಿ ತಿರುಗಿಸಿ ಬೆವರಬೇಕು. ಆಗ ನಾನು ಎದ್ದು ಕೇಳುತ್ತೇನೆ, ಜರ್ಮನಿಯ ಯಾವ ಜಿಲ್ಲೆಯಲ್ಲಿ ರಾಗಿ ಬೆಳೆಯುತ್ತಾರೆ ಸರ್, ಅಂತ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಕೋಲು ಮುರಿದರೆ ಮುರಿಯಲಿ.

ನವೆಂಬರ್ ೨, ಭಾನುವಾರ

ಗಂಡಸಿ ಊರಿಗೆ ಹೋಗಿದ್ದೆ, ಹುಲ್ಲು ತರಲು. ದೊಡ್ಡಬೀರಪ್ಪ ನಮ್ಮ ಲ್ಯಾಬಿನ ಅಟೆಂಡರ್ ಆಗಿದ್ದವರು, ರಿಟೈರ್ ಆಗಿ ಒಂಬತ್ತು ವರ್ಷ. ಮೊದಲಿನಿಂದ ಅವರ ಮೆದೆಯ ಹುಲ್ಲೇ ಲ್ಯಾಬಿಗೆ. ಮೇಲಿನದು ಕೊಡುವುದಿಲ್ಲ, ಕೈ ಒಳಗೆ ಹಾಕಿ ಮಳೆ ತಾಗದ ಹಳೇ ಹುಲ್ಲು ಎಳೆದು ಕೊಡುತ್ತಾರೆ.

ಅವರ ಹೆಂಡತಿ ಗಿರಿಯಮ್ಮ ಮುದ್ದೆ, ಹುರುಳಿಕಾಳಿನ ಸಾರು ಹಾಕಿದರು. ಊಟ ಮಾಡಿಸದೆ ಬಿಡುವ ಪೈಕಿ ಅಲ್ಲ.

ದೊಡ್ಡಬೀರಪ್ಪನವರಿಗೆ ಬರೀ ಡೆಮೊ ವಿಷಯ ಹೇಳಿದೆ, ಕಳ್ಳತನದ್ದು ಹೇಳಲಿಲ್ಲ. ಮುಖ ಅರಳಿತು.

“ದೊಡ್ ಪರ್ದೆ ಮ್ಯಾಲಾ? ನಮ್ ಹುಳಾನಾ? ನಾನೂ ಬತ್ತೀನಿ ಮೇಡಮ್ಮೋರೆ.”

“ಬನ್ನಿ ಬೀರಪ್ಪಣ್ಣ. ಅರಸೀಕೆರೆಗೆ ಬಂದುಬಿಡಿ, ಅಲ್ಲಿಂದ ಒಟ್ಟಿಗೆ ಹೋಗೋಣ.”

“ಮೂವತ್ ವರ್ಸ ಮಾಡಿವ್ನಿ, ಇವತ್ತಿಗೂ ಅದೊಂದು ಸೋಜಿಗವೇಯ. ಹುಲ್ಲೇ ಹುಳ ಆದಂಗೆ ಬತ್ತಾವೆ ನೋಡಿ.” ಆಮೇಲೆ ಬೆರಳೆತ್ತಿ, “ಮಿಕ್ಕಿದ್ದ ಸಿಂಕಿಗೆ ಸುರೀಬ್ಯಾಡಿ. ಈಗಿನ್ ಹುಡುಗ್ರು ಸುರೀತಾವೆ. ಕೆರೆ ನೀರಾಗಿಂದ ತಂದಿದ್ದು ಕೆರೆಗೇ ಹೋಗ್ಬೇಕು.”

ಅವರ ಪದ್ಧತಿ ಅದು. ಪ್ರಾಕ್ಟಿಕಲ್ ಮುಗಿದ ಮೇಲೆ ಮಿಕ್ಕ ನೀರನ್ನು ಬಾಟಲಿಯಲ್ಲಿ ತುಂಬಿ, ಸಂಜೆ ಮನೆಗೆ ಹೋಗುವಾಗ ಕಂತೇನಹಳ್ಳಿ ಕೆರೆಗೆ ಬಿಟ್ಟೇ ಹೋಗುವರು. ಒಂದು ದಿನವೂ ತಪ್ಪಿಸಿದ್ದಿಲ್ಲ. ನಾವು ಹಿಂದಿನಿಂದ ನಗುತ್ತಿದ್ದೆವು.

ಒಂದು ಕಟ್ಟು ಹುಲ್ಲು ಮಡಿಲಲ್ಲಿಟ್ಟುಕೊಂಡು ಬಸ್ಸಲ್ಲಿ ಬಂದೆ. ಪಕ್ಕದವಳು ಕೇಳಿದಳು, ಕರುಗೇನಕ್ಕಾ? ಕೋಣಕ್ಕೆ ಅಂದೆ.

ನವೆಂಬರ್ ೮, ಶನಿವಾರ

ಬೆಳಿಗ್ಗೆ ಕೆರೆ ನೀರು ತಂದು ಹಳದಿ ಮುಚ್ಚಳದ್ದಕ್ಕೆ ಬೆರೆಸಿದೆ. ಬಾಯಿಗೆ ತೆಳು ಬಟ್ಟೆ.

ಮಧ್ಯಾಹ್ನ ಕುಕ್ಕರ್. ಬರೀ ಕುದಿಸಿದರೆ ಸಾಲದು, ಹುಲ್ಲಿನಲ್ಲಿ ಕೆಲವು ಹಠಮಾರಿ ಬ್ಯಾಕ್ಟೀರಿಯಾ ಬೀಜಕಗಳಿರುತ್ತವೆ, ಕುದಿದರೂ ಸಾಯುವುದಿಲ್ಲ. ಹನ್ನೆರಡು ವಿಶಲ್ ಕೂಗಿಸಿದೆ. ಮನೆಯೆಲ್ಲ ದನದ ಕೊಟ್ಟಿಗೆ ವಾಸನೆ. ಯಜಮಾನರು ಭೀಮರಾಜ್ ಸ್ಟೇಷನ್ ಡ್ಯೂಟಿ ಮುಗಿಸಿ ಬಂದರು, ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು.

“ಏನೇ ಬೇಯಿಸ್ತಿದೀಯ?”

“ಸೇಡು.”

“ಉಪ್ಪು ಹಾಕ್ದಾ?”

ಆಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ.  ಈ ಮನುಷ್ಯ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮ್ಯಾನ್. ಒಂದು ಗಾಡಿ ತಪ್ಪು ಲೈನಿಗೆ ಹೋದರೆ ಏನಾಗುತ್ತದೆಂದು ಮೊದಲು ಯೋಚಿಸುವ ಜಾತಿ.

“ಕಾಲೇಜು ಗೌರ್ಮೆಂಟಿಂದಲ್ಲ ಕಣೇ. ನಾಳೆ ಬರಬೇಡ ಅಂದ್ರೆ ಮುಗೀತು.”

“ಅನ್ಲಿ.”

“ಚನ್ನಬಸವಯ್ಯೋರಿಗೇ ನೆಟ್ಟಗೆ ಹೋಗಿ ಹೇಳಬಾರದಾ?”

“ಸಾಕ್ಷಿ ಎಲ್ರೀ? ನೋಟ್‌ಬುಕ್ ಅವನ ಹತ್ರ. ನನ್ನ ಹತ್ರ ಇರೋದು ಒಂದು ತಪ್ಪು ಮಾತ್ರ. ಅದನ್ನ ಅವನು ಎಲ್ಲರೆದುರಿಗೆ ನುಂಗಬೇಕು.”

 ಎದ್ದು ಹೋಗಿ ಕುಕ್ಕರ್ ತೊಳೆದು ಇಟ್ಟರು.

ನವೆಂಬರ್ ೧೨, ಬುಧವಾರ

ಹಳದಿ: ಮೇಲೆ ಕೆನೆ ಕಟ್ಟಿದೆ. ಒಂದು ತೊಟ್ಟು ನೋಡಿದೆ. ಎರಡು ಮೂರು ಪ್ಯಾರಮೀಸಿಯಮ್. ಭಾನುವಾರಕ್ಕೆ ಸಂತೆಯಾಗುತ್ತವೆ.

ಕೆಂಪು: ತಿಳಿ. ಏನೂ ಇಲ್ಲ. ಚೆನ್ನಾಗಿದೆ.

ಅವನು ಬಂದು ಕೆಂಪು ಬಾಟಲಿ ಬೆಳಕಿಗೆ ಹಿಡಿದು ನೋಡಿದ. “ಏನೂ ಕಾಣಲ್ವಲ್ರೀ.” ಕಣ್ಣಿಗೆ ಕಾಣದವಕ್ಕೇ ಅಲ್ಲವೇ ಆ ಹೆಸರಿಟ್ಟಿದ್ದು, ನಿಮ್ಮ ಪುಟ ೬೨ ಓದಿ ಸರ್ ಎನ್ನಬೇಕೆನಿಸಿತು. ಬಾಟಲಿ ಇಸಕೊಂಡು ಜಾಗದಲ್ಲಿಟ್ಟೆ.

ಹುಲ್ಲಿನಿಂದಲೇ ಜೀವ ಹುಟ್ಟುತ್ತದೆ ಎಂದು ಆ ಕಾಲದಲ್ಲಿ ದೊಡ್ಡ ದೊಡ್ಡವರು ನಂಬಿದ್ದರು. ಹಾಗಲ್ಲ. ಕೆಲವು ಹುಲ್ಲಿಗಂಟಿಕೊಂಡೇ ಇರುತ್ತವೆ. ಮೈಮೇಲೆ ಚಿಪ್ಪು ಕಟ್ಟಿಕೊಂಡು, ಒಣಗಿ, ಸತ್ತಂತೆ. ವರ್ಷಗಟ್ಟಲೆ. ನೀರು ಬಿದ್ದ ದಿನ ಚಿಪ್ಪು ಒಡೆದು ಎದ್ದು ಬರುತ್ತವೆ.

ನನ್ನ ಸಿಟ್ಟೂ ಹಾಗೇ ಇತ್ತು, ಹನ್ನೊಂದು ವರ್ಷ. ನೀರು ಹೊಯ್ದವನು ಅವನೇ.

ನವೆಂಬರ್ ೧೬, ಭಾನುವಾರ. ಬೆಳಿಗ್ಗೆ ೫.೩೦

ಸಂತೆಯೇ ಸಂತೆ, ಹಳದಿಯಲ್ಲಿ. ಕೆಂಪು ನಿನ್ನೆಯೇ ಅವನ ಕೈಸೇರಿದೆ. ಮಾವಿನೆಲೆ ಹಸಿರಿನ ಸೀರೆ. ಭೀಮರಾಜ್ ಕಾಫಿ ಮಾಡಿಕೊಟ್ಟರು, ಬಸ್‌ಸ್ಟ್ಯಾಂಡಿಗೆ ಬಿಡುತ್ತಾರಂತೆ.

ಅದೇ ದಿನ. ಸಂಜೆ ೭

ಹೊಟ್ಟೆ ತಣ್ಣಗಾಯಿತು! ಕ್ರಮವಾಗಿ ಬರೆಯುತ್ತೇನೆ, ಒಂದೂ ಬಿಡಬಾರದು.

ಸಮುದಾಯ ಭವನ ತುಂಬಿತ್ತು. ಮುಂದೆ ಯೂನಿಫಾರ್ಮಿನ ಮಕ್ಕಳು. ನಾನು, ದೊಡ್ಡಬೀರಪ್ಪ ಐದನೇ ಸಾಲು. ಅವರು ಇಸ್ತ್ರಿ ಪಂಚೆ, ಬಿಳಿ ಶರ್ಟು. ಅವನಿಗೆ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಚನ್ನಬಸವಯ್ಯನವರು ಹೊಗಳಿದ್ದೇ ಹೊಗಳಿದ್ದು. “ಇಂಥ ಪುಸ್ತಕಕ್ಕೆ ತಪಸ್ಸು ಬೇಕು.” ಯಾರದೋ ತಪಸ್ಸು, ಯಾರಿಗೋ ವರ.

ಆಮೇಲೆ ಡೆಮೊ. ದೀಪ ಆರಿಸಿದರು. ಕೆಂಪು ಮುಚ್ಚಳ ತಿರುಗಿಸಿದ. “ಮಕ್ಕಳೇ, ಈ ಒಂದು ಹನಿಯಲ್ಲಿ ಒಂದು ಊರೇ ಇದೆ!” — ಅದೂ ನನ್ನ ವಾಕ್ಯ, ಪುಟ ೬೩. ಹನಿ ಹಾಕಿದ. ಪರದೆ ಬೆಳಗಿತು.

ಬಟಾಬಯಲು.

ಫೋಕಸ್ ಮೇಲೆ ಮಾಡಿದ, ಕೆಳಗೆ ಮಾಡಿದ. ಇನ್ನೊಂದು ಹನಿ. ಹುಲ್ಲಿನ ಒಂದು ಸಿಬಿರು ಕಂಡಿತು, ಅಲ್ಲಾಡಲಿಲ್ಲ. ಒಂದು ಮಗು ಕೂಗಿತು, “ಸಾರ್, ಊರಲ್ಲಿ ಕರೆಂಟ್ ಹೋಗೈತೆ!” ಸಭೆಯೆಲ್ಲ ಗೊಳ್ಳೆಂದಿತು. ಆ ಮಗು ಯಾರದೋ, ನೂರು ವರ್ಷ ಬಾಳಲಿ.

ಆಗ ಅವನು ಮೈಕ್ ಹಿಡಿದು ಏನೆಂದ ಗೊತ್ತೇ? “ಕ್ಷಮಿಸಿ. ಇದನ್ನ ತಯಾರಿಸಿದ್ದು ನಮ್ಮ ಲ್ಯಾಬ್ ಅಸಿಸ್ಟೆಂಟು, ಹೇಮಾಶ್ರೀ ಅಂತ. ಪಾಪ, ಅವರಿಗೆ ಇದೆಲ್ಲ ಅಷ್ಟು ಗೊತ್ತಾಗಲ್ಲ.”

ನೂರಾ ಹತ್ತು ಪದ ಬರೆದಾಗ ನನಗೆ ಹೆಸರಿರಲಿಲ್ಲ. ಬಾಟಲಿ ಕೆಟ್ಟಾಗ ಬಂತು, ಮೈಕಿನಲ್ಲಿ!

ಎದ್ದೆ. ಕೂತಲ್ಲಿಂದ ಕೇಳುವುದೆಂದು ಯೋಚಿಸಿದ್ದೆ, ಕಾಲು ಸ್ಟೇಜಿನ ಕಡೆಗೆ ನಡೆಯಿತು. ಬ್ಯಾಗಿನಿಂದ ಹಳದಿ ಬಾಟಲಿ ತೆಗೆದು, ಕೆನೆಯ ಅಂಚಿನಿಂದ ಒಂದು ಹನಿ ಎತ್ತಿ, ಹುಳಗಳ ಓಟ ತಡೆಯಲು ಹತ್ತಿಯ ಎರಡು ಎಳೆ ಇಟ್ಟು, ಗಾಜು ಮುಚ್ಚಿದೆ. ಪರದೆ ತುಂಬ ಪ್ಯಾರಮೀಸಿಯಮ್. ಚಪ್ಪಲಿ ಆಕಾರದವು, ತಿರುಗುತ್ತ, ಎಳೆಗೆ ಡಿಕ್ಕಿ ಹೊಡೆದು ಹಿಂದೆ ಸರಿದು ಮತ್ತೆ ಓಡುತ್ತ. ಮಕ್ಕಳು ‘ಹೋ’ ಎಂದರು. ಕೆಲವರು ಎದ್ದು ನಿಂತರು.

ಮೈಕ್ ತೆಗೆದುಕೊಂಡೆ.

“ಸರ್, ನಿಮ್ಮ ಪುಟ ಅರವತ್ತೆರಡು. ಜರ್ಮನಿಯವರು ರಾಗಿ ಹುಲ್ಲು ನೆನೆಹಾಕಿದರು ಅಂತ ಬರೆದಿದ್ದೀರಿ. ಅಲ್ಲಿ ಯಾವ ಜಿಲ್ಲೆಯಲ್ಲಿ ರಾಗಿ ಬೆಳೀತಾರೆ?”

ಪೇಟ ಸರಿಮಾಡಿಕೊಂಡ. “ಅದು... ಮುದ್ರಣದೋಷ.”

“ಏನು ಅಂತ ಬರೆದಿದ್ರಿ, ಅದು ರಾಗಿ ಆಯ್ತು?”

 ಸಭೆಯಲ್ಲಿ ಮತ್ತೆ ನಗು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು “ಅವರ ನೋಟ್‌ಬುಕ್ ನಾನು ನೋಡೇ ಇಲ್ಲ” ಅಂದುಬಿಟ್ಟ. ನಾನು ಅಲ್ಲಿ ನೋಟ್‌ಬುಕ್ ಎಂಬ ಮಾತೇ ಎತ್ತಿರಲಿಲ್ಲ!

 ಚನ್ನಬಸವಯ್ಯನವರು ಕನ್ನಡಕ ತೆಗೆದು ಅವನನ್ನೇ ನೋಡಿದರು. “ಯಾವ ನೋಟ್‌ಬುಕ್ ಉದಯಕುಮಾರ್?”

ನಾನು ಹೇಳಿದೆ, “ರಾಗಿ ಹುಲ್ಲು ನನ್ನ ತಪ್ಪು ಸರ್. ನಾನು ಮಾಡಿದ್ದು, ನಾನು ಬರೆದದ್ದು. ನಮ್ಮ ಲ್ಯಾಬಿನಲ್ಲಿ ಕೈಯಾರೆ ಹುಲ್ಲು ನೆನೆಹಾಕಿದವರಿಗೆ ಬಿಟ್ಟು ಬೇರೆಯವರಿಗೆ ಆ ತಪ್ಪು ಬರಲ್ಲ. ಬೇರೇನೂ ಬೇಡ. ನನ್ನ ತಪ್ಪನ್ನಾದರೂ ನನಗೆ ವಾಪಸ್ ಕೊಡಿ.”

ಚಪ್ಪಾಳೆ. ಅವನು ಹಿಂದಿನ ಬಾಗಿಲಿಂದ ಹೋದ, ಹಣ್ಣಿನ ಬುಟ್ಟಿ ಬಿಟ್ಟು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿದ. ಪರದೆ ಗಾತ್ರದ ಲೋಟದಲ್ಲಿ.

ದೊಡ್ಡಬೀರಪ್ಪನವರ ಜೊತೆ ಹಳೇಬೀಡಿನ ಮೇಲೆ ವಾಪಸ್ ಬಂದೆ. ಅದನ್ನು ಆಮೇಲೆ ಬರೆಯುತ್ತೇನೆ.

ನವೆಂಬರ್ ೨೨, ಶನಿವಾರ

ಆರು ದಿನ ಪೆನ್ನು ಹಿಡಿದಿಲ್ಲ. ಅವನು ರಜೆಯಲ್ಲಿದ್ದಾನೆ. ಪ್ರಿನ್ಸಿಪಾಲರು ಕರೆದು ಬೈದೂ ಬೈಯದಂತೆ ಕಳಿಸಿದರು. ಪುಸ್ತಕ ಮಾರುವುದು ನಿಲ್ಲಿಸಿದ್ದಾರೆ. ಚನ್ನಬಸವಯ್ಯನವರ ಫೋನು — “ನೋಟ್‌ಬುಕ್ ಒಂದು ಸಿಕ್ಕಲಿ ತಾಯಿ, ನಿಮ್ಮ ಹೆಸರಲ್ಲೇ ತರ್ತೀವಿ.” ಗೆದ್ದೆ. ಆದರೂ ನೆಮ್ಮದಿ ಇಲ್ಲ. ಹಳೇಬೀಡಿನದ್ದು ಬರೆದುಬಿಡಬೇಕು.

ಅವತ್ತು ಬೇಲೂರಿನಿಂದ ಬಂದು ಹಳೇಬೀಡಿನಲ್ಲಿ ಬಸ್ ಬದಲಿಸಬೇಕಿತ್ತು. ಅರಸೀಕೆರೆ ಬಸ್ಸಿಗೆ ಮುಕ್ಕಾಲು ಗಂಟೆ.  ದೊಡ್ಡಬೀರಪ್ಪ ಹಳದಿ ಬಾಟಲಿ ಕೇಳಿ ಇಸಕೊಂಡರು.

“ಕೆರೆಗೆ ಬಿಟ್ ಬರಾನ. ಬಾಟ್ಲಾಗೆ ಸತ್ತೋಯ್ತಾವೆ.”

ಕೆರೆ ಹತ್ತಿರವೇ. ಮೆಟ್ಟಿಲಿಳಿದು, ಚಪ್ಪಲಿ ಬಿಟ್ಟು, ಬಗ್ಗಿ ನೀರಿನ ಮಟ್ಟಕ್ಕೆ ಬಾಟಲಿ ಓರೆ ಮಾಡಿ ಮೆಲ್ಲಗೆ ಬಿಟ್ಟರು. ಎರಡು ಸಲ ಕಲಕಿ ತೊಳೆದರು. ನಾನು ಮೇಲೆ ನಿಂತು ನನ್ನ ಗೆಲುವನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ, ಅವನ ಮುಖ ಹೇಗಾಯಿತು ನೋಡಿದ್ರಾ, ಅಂತ.

ಅವರು ತಿರುಗಲಿಲ್ಲ. ನೀರು ನೋಡುತ್ತಲೇ ಹೇಳಿದರು.

“ನನ್ನ ತಪ್ಪಾಯ್ತು ಮೇಡಮ್ಮೋರೆ.”

“ಯಾಕೆ ಬೀರಪ್ಪಣ್ಣ?”

“ಆ ರಾಗಿ ಹುಲ್ಲಿನ್ ಮಾತು. ನೀವು ಕೆಲ್ಸಕ್ಕೆ ಸೇರ್ದಾಗ ನಾನೇ ಅಲ್ವಾ ಹೇಳಿದ್ದು? ಆ ದೇಸದೋರು ರಾಗಿ ಹುಲ್ ನೆನೆಹಾಕಿ ನೋಡಿದ್ರು, ಹುಲ್ಲೇ ಹುಳ ಆದಂಗೆ ಬಂದ್ವು, ಅದ್ಕೇ ಆ ಹೆಸ್ರು ಇಟ್ರು ಅಂತ. ಹಿಂದ್ಲ ಲೆಕ್ಚರ್ರು ಇಂಗ್ಲೀಸ್ನಾಗೆ ಪಾಟ ಮಾಡ್ತಿದ್ರು, ನಾನು ಬಾಗ್ಲಾಗೆ ನಿಂತು ಕೇಳ್ತಿದ್ದೆ. ಅವ್ರು ಹುಲ್ಲು ಅಂದ್ರು, ನಾನು ರಾಗಿದು ಅನ್ಕಂಡೆ. ಓದ್ದೋನಲ್ಲ ನಾನು. ನೀವು ಓದ್ದೋರು, ನನ್ ಮಾತ್ ನಂಬಿ ಬರ್ದ್ರಿ. ಅಷ್ಟ್ ಜನದ ಮುಂದೆ ನನ್ ತಪ್ಪು ನಂದು ನಂದು ಅಂತ ನೀವು ಹೊತ್ಕಂಬೇಕಾಯ್ತು.”

ಕಣ್ಣು ಒರೆಸಿಕೊಂಡರು, ಟವೆಲ್ಲಿನ ತುದಿಯಿಂದ.  ಬಸ್ ಬಂತು ಎಂದೆ.

ಹೌದು. ಅವರೇ ಹೇಳಿದ್ದು. ೨೦೦೩, ಜೂನ್. ಲ್ಯಾಬಿನ ಕಿಟಕಿ ಕಟ್ಟೆ ಮೇಲೆ ಹುಲ್ಲು ಕತ್ತರಿಸುತ್ತ. ‘ಹುಲ್ಲೇ ಹುಳವಾದಂತೆ’ — ಅದೂ. ಮೆಣಸಿನ ಕಥೆಯೂ ಅವರ ಬಾಯಿಂದಲೇ ಮೊದಲು ಕೇಳಿದ್ದು.

ಆದರೆ ಬಾಯಲ್ಲಿ ಹೇಳುವುದು ಬೇರೆ, ಬರೆಯುವುದು ಬೇರೆ. ಲ್ಯಾಟಿನ್ ಹುಡುಕಿದ್ದು ನಾನು. ಆರು ವರ್ಷ ಕೂತದ್ದು ನಾನು. ನಾನೇನು ಕದ್ದೆನೇ? ಅವನ ಸಾಲಿನಲ್ಲಿ ನನ್ನನ್ನು ಯಾರೂ ನಿಲ್ಲಿಸುವ ಹಾಗಿಲ್ಲ. ನಾನಾಗಿದ್ದರೆ ಹೆಸರು ಹಾಕದೆ ಬಿಡುತ್ತಿರಲಿಲ್ಲ.

ನವೆಂಬರ್ ೨೫, ಮಂಗಳವಾರ

ನೋಟ್‌ಬುಕ್ ಬಂತು.

ಅವನು ಬರಲಿಲ್ಲ, ಆಫೀಸಿನ ಅಟೆಂಡರ್ ಕೈಲಿ ಕಳಿಸಿದ್ದಾನೆ. ಹಳೇ ಪೇಪರಿನಲ್ಲಿ ಸುತ್ತಿ, ಸೆಣಬಿನ ದಾರ. ಚೀಟಿ ಇಲ್ಲ, ಕ್ಷಮೆ ಇಲ್ಲ. ಕೆಂಪು ಬಟ್ಟೆ ಮಾಸಿದೆ. ಬೆನ್ನಿಗೆ ಇಲಿ ಹಲ್ಲು.

ಭೀಮರಾಜ್, “ತೆಗೆದು ನೋಡೇ” ಅಂದರು. ನಾಳೆ ಅಂದೆ. ಇಷ್ಟು ವರ್ಷ ಕಾದಿದ್ದಾಗಿದೆ.

ನವೆಂಬರ್ ೨೬, ಬುಧವಾರ. ಬೆಳಿಗ್ಗೆ ೬.೧೫

ಸ್ನಾನ ಮಾಡಿ ತೆರೆದೆ. ನನ್ನದೇ ಅಕ್ಷರ, ಆಗ ಎಷ್ಟು ದುಂಡಗೆ ಬರೆಯುತ್ತಿದ್ದೆ. ಅನಿಮಲ್‌ಕ್ಯೂಲ್ ಇದೆ. ಇನ್‌ಫ್ಯೂಸೋರಿಯಾ ಇದೆ, ರಾಗಿ ಹುಲ್ಲು ಇದೆ. ಒಂದು ಪುಟಕ್ಕೆ ಒಣಹುಲ್ಲಿನ ಚೂರು ಅಂಟಿಕೊಂಡಿದೆ, ಗಂಡಸಿಯದ್ದೇ ಇರಬೇಕು. ಚನ್ನಬಸವಯ್ಯನವರಿಗೆ ಫೋನ್ ಮಾಡಬೇಕು ಅಂದುಕೊಳ್ಳುತ್ತ ತಿರುವುತ್ತ ಹೋದೆ.

ಕೊನೆಯ ಪುಟ.

ನೀಲಿ ಇಂಕು. ಕೆಳಗೆ ತಾರೀಖು, ೨೦೧೪ ಏಪ್ರಿಲ್ ೬. ನನ್ನ ಅಕ್ಷರ, ಅನುಮಾನವೇ ಇಲ್ಲ.

“ಸಹಕರಿಸಿದ ಪ್ರಯೋಗಾಲಯದ ಸಿಬ್ಬಂದಿಗೆ ವಂದನೆ.”

ಮೂರು ಸಲ ಓದಿದೆ. ಅವನು ಅದನ್ನೂ ಸ್ವಂತ ಬರೆದಿರಲಿಲ್ಲ. ನಾನು ಬರೆದದ್ದು, ಅವನು ಇಳಿಸಿಕೊಂಡದ್ದು. ಆಗ ಲ್ಯಾಬಿನಲ್ಲಿ ಇದ್ದದ್ದು ಇಬ್ಬರೇ — ನಾನು, ಮತ್ತು ಬೀರಪ್ಪಣ್ಣ. ನನ್ನನ್ನು ನಾನು ಸಿಬ್ಬಂದಿ ಎಂದು ಬರೆದುಕೊಳ್ಳುವವಳಲ್ಲ.

ಕೆಂಪು ಪೆನ್ನು ತಂದೆ. ‘ಸಿಬ್ಬಂದಿ’ ಹೊಡೆದು ಹಾಕಿದೆ. ಅಷ್ಟು ಸಾಲದು. ಮೊದಲ ಪುಟಕ್ಕೆ ಹೋದೆ. ‘ಬರೆದವರು: ಹೇಮಾಶ್ರೀ’ ಅಂತ ಇದೆ. ಅದರ ಮೇಲೆ ಒಂದು ಸಾಲಿನ ಜಾಗ ಇದೆ. ಅಲ್ಲಿ ಬರೆಯುತ್ತಿದ್ದೇನೆ — ಹೇಳಿದವರು: ದೊಡ್ಡಬೀರಪ್ಪ.